ವಾಲ್ವಿನ ಮೇಲೆ ಕೂತ ದೇವರು

ಬ್ಯಾಡಗಿಯ ಕೋಲ್ಡ್ ಸ್ಟೋರೇಜುಗಳಲ್ಲಿ ಆಪರೇಟರ್ ಆಗಿ ಸೇರುವ ಹುಡುಗರು ಈಗಲೂ ಅಗಡಿಯ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂರುತ್ತಾರೆ. ಐ.ಟಿ.ಐ. ಮುಗಿಸಿ ಬಂದವರು, ಕಿಸೆಯಲ್ಲಿ ಸ್ಕ್ರೂಡ್ರೈವರು, ಕೈಯಲ್ಲಿ ಮೊಬೈಲು. "ಶಂಕ್ರಪ್ಪ ಕಾಕಾ, ಮಷೀನ್ ಬಗ್ಗೆ ಒಂಚೂರು ಹೇಳ್ರಿ" ಎನ್ನುತ್ತಾರೆ. ಮಷೀನಿನ ಬಗ್ಗೆ ಹೇಳುವಂಥದ್ದು ಹೆಚ್ಚೇನೂ ಇಲ್ಲ ಕಣ್ರಪ್ಪಾ. ಮಷೀನು ಸಂಭಾವಿತ ಪ್ರಾಣಿ. ಎಣ್ಣೆ ಬೇಕಾದಾಗ ಎಣ್ಣೆ ಕೇಳುತ್ತದೆ, ನೋವಾದಾಗ ಕಿರುಚುತ್ತದೆ, ಸುಳ್ಳು ಹೇಳುವುದಿಲ್ಲ. ನಾನು ಹೇಳಬೇಕಾದದ್ದು ಮಷೀನಿನ ಸುತ್ತ ಬಂದು ನಿಲ್ಲುವ ಮನುಷ್ಯರ ಬಗ್ಗೆ.

ಆದರೂ ಕೆಲಸವೇನೆಂದು ಮೊದಲು ಹೇಳಿಬಿಡುತ್ತೇನೆ. ಜನ ತಿಳಿದಿರುವುದು ನಾವು ತಂಪು ತಯಾರಿಸುತ್ತೇವೆ ಅಂತ. ತಂಪು ಅಂತ ಯಾರೂ ತಯಾರಿಸಲಾರರು. ನಾವು ಮಾಡುವುದು ಕುದಿಸುವ ಕೆಲಸ. ಕೊಳವೆಯೊಳಗೆ ಅಮೋನಿಯಾ ಇರುತ್ತದೆ, ದ್ರವವಾಗಿ. ನೀರು ಕುದಿಯಬೇಕಾದರೆ ಒಲೆ ಬೇಕು. ಈ ಅಮೋನಿಯಾಕ್ಕೆ ಒಲೆ ಬೇಡ, ಬರ್ಫಿಗಿಂತ, ಅಂದರೆ ಮಂಜುಗಡ್ಡೆಗಿಂತ, ತಣ್ಣಗಿದ್ದರೂ ಕುದಿಯುತ್ತದೆ. ಕುದಿದು ಗಾಳಿಯಾಗುವಾಗ ಅದಕ್ಕೆ ಬಿಸಿ ಬೇಕಲ್ಲ, ಅದನ್ನು ಪಕ್ಕದಲ್ಲಿರುವ ಮೆಣಸಿನಕಾಯಿ ಚೀಲದಿಂದ ಕಿತ್ತುಕೊಳ್ಳುತ್ತದೆ. ಅಂಗೈಗೆ ಸ್ಯಾನಿಟೈಸರ್ ಹಚ್ಚಿಕೊಂಡಾಗ ತಣ್ಣಗಾಗುತ್ತದಲ್ಲ, ಅದೇ ಲೆಕ್ಕ. ಆಮೇಲೆ ಆ ಗಾಳಿಯನ್ನು ಮಷೀನಿನಲ್ಲಿ ಒತ್ತಿ, ಮೇಲೆ ನೀರು ಸುರಿದು, ಮತ್ತೆ ದ್ರವ ಮಾಡುವುದು. ಮತ್ತೆ ಕುದಿಸುವುದು. ನನ್ನ ಇಡೀ ಸರ್ವೀಸು ಇಷ್ಟೇ: ಗಾಳಿಯನ್ನು ದ್ರವ ಮಾಡಿದೆ, ದ್ರವವನ್ನು ಗಾಳಿ ಮಾಡಿದೆ, ನಿವೃತ್ತನಾದೆ.

ನಮ್ಮ ಸ್ಟೋರೇಜಿನ ಮಾಲೀಕರು ಗುರುಸಿದ್ದಪ್ಪ ಸಾವಕಾರರು. ಕೆಟ್ಟವರಲ್ಲ. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದ ಮೇಲೆ ನೀವು ನಂಬಲಿಕ್ಕಿಲ್ಲ. ಹಬ್ಬಕ್ಕೆ ಹೋಳಿಗೆ ಕಳಿಸುವವರು, ಕಷ್ಟ ಎಂದರೆ ಕೈ ಬಿಡದವರು. ಅವರಿಗಿದ್ದದ್ದು ಒಂದೇ ರೋಗ. ತಾವು ಕಂಡದ್ದಕ್ಕೆಲ್ಲ ತಾವೇ ಒಂದು ಅರ್ಥ ಹಚ್ಚಬೇಕು, ಹಚ್ಚಿದ ಮೇಲೆ ಬ್ರಹ್ಮ ಬಂದು ಹೇಳಿದರೂ ಬಿಡಬಾರದು.

ನಾನು ಸೇರಿದ ಹೊಸತರಲ್ಲಿ ಅವರು ಬೀಗರನ್ನೆಲ್ಲ ಚೀಲ ಇಡುವ ಚೇಂಬರಿಗೆ ಕರೆದುಕೊಂಡು ಬಂದು ಕೊಳವೆಗಳ ಮೇಲೆ ಕೂತ ಬರ್ಫನ್ನು ತೋರಿಸುತ್ತಿದ್ದರು. "ನೋಡ್ರಿ, ಹೆಂಗ ಬೆಳ್ಳಗ ಆಗೈತಿ! ಬರ್ಫು ಎಷ್ಟು ದಪ್ಪೋ ಅಷ್ಟು ತಂಪು" ಎನ್ನುತ್ತಿದ್ದರು. ನಿಜ ತಿರುವುಮುರುವು. ಗಾಳಿಯಲ್ಲಿರುವ ನೀರಿನ ಆವಿ ತಣ್ಣನೆಯ ಕೊಳವೆಗೆ ಅಂಟಿ ಬರ್ಫಾಗುತ್ತದೆ. ಅದು ದಪ್ಪವಾದಷ್ಟೂ ಕೊಳವೆಗೆ ಕಂಬಳಿ ಹೊದಿಸಿದ ಹಾಗೆ. ಒಳಗಿನ ತಂಪು ಒಳಗೇ, ಚೀಲದ ಬಿಸಿ ಚೀಲದಲ್ಲೇ. ಆಗಾಗ ಕರಗಿಸಿ ತೆಗೆಯಲೇಬೇಕು. ಹೀಗಂತ ಹೇಳಿದೆ.

"ಅಲ್ಲೋ ಶಂಕ್ರಪ್ಪ, ನಾ ಕರೆಂಟು ಸುಟ್ಟು ಬರ್ಫು ಮಾಡೇನಿ, ನೀ ಅದನ್ನ ಕರಗಸ್ತೇನಿ ಅಂತೀಯಲ್ಲ. ನಿನಗ ಪಗಾರ ಯಾಕ ಕೊಡ್ಲಿ?"

ಕೋಣನ ಮುಂದೆ ಕಿನ್ನರಿ ಬಾರಿಸುವುದು ನನ್ನ ಕೆಲಸವಲ್ಲ ಎಂದುಕೊಂಡೆ. ಅವರು ಹುಬ್ಬಳ್ಳಿಗೆ ಹೋದ ದಿನ ಕರಗಿಸುತ್ತಿದ್ದೆ, ಅವರು ಬರುವಷ್ಟರಲ್ಲಿ ತೆಳ್ಳಗೆ ಹೊಸ ಬರ್ಫು ಕೂತಿರುತ್ತಿತ್ತು. ಇಬ್ಬರಿಗೂ ಸಮಾಧಾನ.

ಇನ್ನೊಮ್ಮೆ, ಮಳೆಗಾಲ. ಚೇಂಬರಿನಿಂದ ಚೀಲ ಹೊರಗೆ ತಂದು ಇಟ್ಟರು. ಸ್ವಲ್ಪ ಹೊತ್ತಿಗೆ ಚೀಲಗಳೆಲ್ಲ ಬೆವೆತು ಒದ್ದೆ. ಸಾವಕಾರರು ಹಮಾಲರ ಮೇಲೆ ಹರಿಹಾಯ್ದರು: "ತೂಕಾ ಹೆಚ್ಚ ಮಾಡಾಕ ನೀರು ಹೊಡದೀರೇನ್ರಲೇ?" ನಾನು ಗಾಳಿಯ ತೇವ, ತಣ್ಣನೆ ಚೀಲ, ಆವಿ ನೀರಾಗುವುದು ಎಂದೆಲ್ಲ ಹೇಳಹೋದೆ. ಕೇಳಲಿಲ್ಲ. ಒಳಗೇ ಇನ್ನೂ ಒದ್ದೆ ಚೀಲ ಇದ್ದಾವೇನೋ ನೋಡುತ್ತೇನೆಂದು ತಾವೇ ಚೇಂಬರಿಗೆ ಹೊಕ್ಕು, ಎಲ್ಲ ಒಣಗಿದ್ದನ್ನು ನೋಡಿ ಹೊರಬಂದರು. ಬಾಗಿಲು ದಾಟಿದ್ದೇ ತಡ, ಅವರ ಕನ್ನಡಕ ಬೆಳ್ಳಗೆ ಮುಸುಕಿ ಕಣ್ಣು ಕಾಣದೆ ಹೋಗಿ ತಕ್ಕಡಿಗೆ ಡಿಕ್ಕಿ ಹೊಡೆದರು. "ಸಾವಕಾರ್ರ, ನಿಮ್ಮ ಚಷ್ಮಾಕ್ಕ ಯಾವ ಹಮಾಲ ನೀರು ಹೊಡದ್ನರೀ?" ಎಂದೆ. ಹಮಾಲರು ನಕ್ಕರು. ಆ ವರ್ಷ ನನಗೆ ಹೋಳಿಗೆ ಬರಲಿಲ್ಲ.

ಇವೆಲ್ಲ ಸಣ್ಣವು. ಹುಡುಗರು ಕೇಳಲೇಬೇಕಾದದ್ದು ವಾಲ್ವಿನ ಕಥೆ.

ನಮ್ಮ ಸ್ಟೋರೇಜಿನದು ಹಳೆಯ ಕಟ್ಟುವಿಕೆ. ಮಷೀನ್ ರೂಮಿನ ಮೇಲೆ ಎತ್ತರದಲ್ಲಿ ಒಂದು ದೊಡ್ಡ ಡ್ರಮ್ಮು, ಅದರ ತುಂಬ ತಣ್ಣನೆಯ ಅಮೋನಿಯಾ ದ್ರವ. ಡ್ರಮ್ಮಿನಿಂದ ಒಂದು ಕೊಳವೆ ಕೆಳಗಿಳಿದು, ಮಗ್ಗುಲ ಪಡಸಾಲೆಯನ್ನು ಹಾದು ಚೇಂಬರಿಗೆ ಹೋಗುತ್ತದೆ. ದ್ರವ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಮಷೀನು ನಿಲ್ಲಿಸಿದರೂ ಇಳಿಯುತ್ತದೆ. ಅದನ್ನು ತಡೆಯಲು ಇರುವುದು ಪಡಸಾಲೆಯಲ್ಲಿ ಸೊಂಟದೆತ್ತರಕ್ಕೆ ಕೂತ ಒಂದು ವಾಲ್ವು ಮಾತ್ರ. ಮುಂದೆ ಎಲ್ಲಿ ಸೋರಿದರೂ ಆ ಚಕ್ರ ತಿರುಗಿಸಿದರೆ ಸೋರಿಕೆ ನಿಂತಿತು. ತಿರುಗಿಸಲಾಗದಿದ್ದರೆ ಡ್ರಮ್ಮು ಖಾಲಿಯಾಗುವವರೆಗೂ ನಿಲ್ಲುವುದಿಲ್ಲ. ದ್ರವ ಹೊರಬಿದ್ದದ್ದೇ ಹೊಗೆಯಾಗಿ ಹಬ್ಬುತ್ತದೆ. ಕಣ್ಣಿಗೆ, ಎದೆಗೆ ಇಳಿದರೆ ಕೆಲಸ ಮುಗಿಯಿತು.

ಅದೇ ಪಡಸಾಲೆಯಲ್ಲಿ ಫಕೀರವ್ವನ ಗುಂಪು ಕೂರುತ್ತಿತ್ತು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು. ಬ್ಯಾಡಗಿಯ ಬೇಸಿಗೆಯಲ್ಲಿ ತಂಪು ಕೊಳವೆಯ ಮಗ್ಗುಲಿಗಿಂತ ಸುಖದ ಜಾಗ ಬೇರೆ ಇಲ್ಲ. ಫಕೀರವ್ವನ ಸೊಸೆ ರೇಣುಕಾ ಬಾಣಂತನ ಮುಗಿಸಿ ಬಂದವಳು ಕೂಸನ್ನೂ ಕರೆತರುತ್ತಿದ್ದಳು. ಮೂಲೆಯ ತೊಲೆಗೆ ಹಳೆ ಸೀರೆಯ ಜೋಳಿಗೆ ಕಟ್ಟಿ ಅದರಲ್ಲಿ ಮಲ್ಲುನನ್ನು ಮಲಗಿಸುವುದು. ಸುತ್ತ ಮೆಣಸಿನಕಾಯಿ ಘಾಟಿಗೆ ದೊಡ್ಡವರು ಸೀನುತ್ತ ಕೂತರೆ, ಆ ಕೂಸು ತಣ್ಣಗೆ ನಿದ್ದೆ ಹೋಗುತ್ತಿತ್ತು. ಮೂಲೆಗೆ ಹೋಗುವ ದಾರಿ ಮಾತ್ರ ವಾಲ್ವನ್ನು ದಾಟಿಯೇ.

"ಫಕೀರವ್ವಾ, ಕೂಸಿನ ಜೋಳಿಗಿ ಇಲ್ಲಿ ಬ್ಯಾಡ. ಏನರ ಸೋರಿದ್ರ ಹೊರಗ ತರಾಕ ದಾರಿ ಇಲ್ಲ" ಎಂದಿದ್ದೆ.

"ಮತ್ತ ಎಲ್ಲಿ ಕಟ್ಲಿ ಯಣ್ಣಾ? ಹೊರಗ ಬಿಸಲಾಗ ಕಟ್ಟಿ ಹಪ್ಪಳ ಮಾಡ್ಲೇನು? ಸಾವಕಾರ್ರಿಗೆ ಹೇಳಿ ಒಂದು ಶೆಡ್ಡು ಹಾಕಿಸಿಕೊಡು, ಅಲ್ಲಿ ಕಟ್ತೇನಿ."

ಸಾವಕಾರರಿಗೆ ಹೇಳಿದೆ. ಜಾಗವಿಲ್ಲ ಎಂದರು. ಅವರ ಕಾರು ನಿಲ್ಲಿಸುವ ಜಾಗದಲ್ಲಿ ಎರಡು ಮದುವೆ ಊಟದ ಪಂಕ್ತಿ ಹಾಕಬಹುದಿತ್ತು.

ನಾನು ದಿನಾ ಬೆಳಿಗ್ಗೆ ವಾಲ್ವಿನ ಮೇಲಿನ ಬರ್ಫನ್ನು ಉಗುರುಬೆಚ್ಚಗಿನ ನೀರು ಹಾಕಿ ಕರಗಿಸಿ, ಚಕ್ರವನ್ನು ಒಂದು ಸುತ್ತು ತಿರುಗಿಸಿ ನೋಡುವವನು. ಒಮ್ಮೆ ನನ್ನ ತಂಗಿಯ ಮಗಳ ಮದುವೆಗೆಂದು ಕುಮಾರಪಟ್ಟಣಕ್ಕೆ ಹೋಗಿ, ಅಲ್ಲಿ ಜ್ವರ ಹತ್ತಿ ತಿರುಗಿ ಬರುವುದು ತಡವಾಯಿತು. ಬಂದು ನೋಡುತ್ತೇನೆ, ಪಡಸಾಲೆಯ ತುಂಬ ಚಪ್ಪಲಿ. ಒಳಗೆ ಊದಿನಕಡ್ಡಿ ಹೊಗೆ. ವಾಲ್ವು ಕಾಣಿಸುತ್ತಿಲ್ಲ. ಅದರ ಜಾಗದಲ್ಲಿ ಬರ್ಫಿನ ಒಂದು ಗುಂಡನೆ ಮುದ್ದೆ, ಮೇಲೆ ನುಣ್ಣಗೆ, ಕೆಳಗೆ ಅಗಲ. ಅದಕ್ಕೆ ವಿಭೂತಿಯ ಪಟ್ಟೆ, ಚೆಂಡುಹೂವಿನ ಮಾಲೆ.

ಸಾವಕಾರರು ಮೈಮೇಲೆ ಶಲ್ಯ ಹೊದ್ದು ನಿಂತಿದ್ದರು. "ಶಂಕ್ರಪ್ಪ, ನೋಡು! ಉದ್ಭವ ಆಗ್ಯಾನ! ಹಿಮಾಲಯಕ್ಕ ಹೋಗೂದು ಬ್ಯಾಡಂತ ಬ್ಯಾಡಗಿಗೆ ತಾನ ಬಂದಾನ!"

"ಸಾವಕಾರ್ರ, ಅದು ವಾಲ್ವರೀ."

"ವಾಲ್ವು ಕೆಳಗೈತಿ. ಮ್ಯಾಲ ಇರೂದು ದೇವ್ರು."

ಗಾಳಿಯ ಆವಿ ನೇರವಾಗಿ ಬರ್ಫಾಗುವುದನ್ನು ಹೇಳಿದೆ, ಹನಿ ಬಿದ್ದಲ್ಲಿ ಗುಂಡಗಾಗುವುದನ್ನು ಹೇಳಿದೆ. "ಅದ ಖರೇ, ಆದ್ರ ಹಂಗ ಆಗಂತ ಹೇಳಿದಾಂವ ಯಾಂವ?" ಎಂದು ಮೇಲೆ ನೋಡಿದರು. ಮೇಲೆ ಅಮೋನಿಯಾ ಡ್ರಮ್ಮಿತ್ತು.

ವಿಡಿಯೋ ಹೊರಟಿತು ನೋಡಿ. ವಾಟ್ಸಾಪಿನಲ್ಲಿ ಹಾವೇರಿ, ರಾಣೇಬೆನ್ನೂರು, ಹಾನಗಲ್ಲು ಎಲ್ಲ ಕಡೆ "ಬ್ಯಾಡಗಿಯ ಹಿಮದೇವರು". ಸೋಮವಾರ ಮೆಣಸಿನಕಾಯಿ ಪೇಟೆಗೆ ಬಂದವರು ಟೆಂಡರ್ ಹಾಕಿ, ನಮ್ಮಲ್ಲಿಗೆ ಬಂದು ಕೈಮುಗಿದು, ಸೆಲ್ಫಿ ತೆಗೆದುಕೊಂಡು ಹೋಗತೊಡಗಿದರು. ಹೋಗುವಾಗ ನನಗೂ ಒಂದು ನಮಸ್ಕಾರ. ನಾನು ಸೋರಿಕೆ ಹುಡುಕಲು ಗಂಧಕದ ಬತ್ತಿ ಹಚ್ಚಿಕೊಂಡು ಕೊಳವೆಯ ಉದ್ದಕ್ಕೂ ತಿರುಗುವುದುಂಟು. ಅಮೋನಿಯಾ ಸೋರಿದಲ್ಲಿ ಬತ್ತಿಯ ಹೊಗೆ ದಟ್ಟ ಬೆಳ್ಳಗಾಗುತ್ತದೆ. ಅದನ್ನು ನೋಡಿ ಒಬ್ಬ ಅಜ್ಜಿ, "ಈ ಪೂಜಾರಿ ಭಾಳ ನಿಷ್ಠಾವಂತ ಅದಾನ, ಧೂಪಾ ಹಾಕೂದು ಬಿಡಂಗಿಲ್ಲ" ಎಂದಳು. ನನ್ನ ಡ್ಯೂಟಿಯಲ್ಲಿ ಸಿಕ್ಕ ಏಕೈಕ ಮೆಚ್ಚುಗೆ ಅದು.

ಭಕ್ತರಲ್ಲೆಲ್ಲ ಮೊದಲಿನವಳು ಫಕೀರವ್ವ. ಅವಳದು ಡೌಲಿನ ಭಕ್ತಿಯಲ್ಲ. ಬೆಳಿಗ್ಗೆ ಬಂದವಳು ನೆಲ ಸಾರಿಸಿ, ತಲೆಯಲ್ಲಿ ಮುಡಿದ ಹೂವಿನಲ್ಲೇ ಅರ್ಧ ಹರಿದು ಇಟ್ಟು, "ನನ್ನ ಮಲ್ಲುನ್ನ ಕಾಯಪಾ" ಎಂದು ಕೂರುತ್ತಿದ್ದಳು. ಅವಳಿಗೆ ಹೇಗೆ ಹೇಳುವುದು, ಮಲ್ಲುನನ್ನು ಕಾಯುವುದು ಈ ಬರ್ಫಿನ ಕೆಳಗೆ ಸಿಕ್ಕಿಬಿದ್ದ ಚಕ್ರ ಅಂತ? ಒಮ್ಮೆ ಹೇಳಿದೆ ಕೂಡ. ಅವಳು ಆ ಬರ್ಫನ್ನೇ ನೋಡಿ, "ದೇವ್ರ ಮೈಮ್ಯಾಲ ಕೈ ಹಚ್ಚೂದು ಹೆಂಗ ಯಣ್ಣಾ?" ಎಂದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಾವಕಾರರ ಮೇಲೆ ಬಂದ ಸಿಟ್ಟೇ ನನಗೆ ಸಾಕಷ್ಟಿತ್ತು.

ಸೇಫ್ಟಿ ನೋಡುವ ಸಾಹೇಬರು ಬಂದಾಗ ನನಗೆ ಹೋದ ಜೀವ ಬಂದಂತಾಯಿತು. ಅವರನ್ನು ನೇರವಾಗಿ ಪಡಸಾಲೆಗೆ ಕರೆದುಕೊಂಡು ಹೋಗಿ, "ಸರ್, ಮೇನ್ ವಾಲ್ವ್ ಇದರೊಳಗೆ ಹೂತುಹೋಗಿದೆ" ಎಂದೆ. ಸಾಹೇಬರು ಬಗ್ಗಿ ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು. ಆಮೇಲೆ ಮೆಲ್ಲಗೆ ಬೂಟು ಬಿಚ್ಚಿದರು. ಬೂಟು ಬಿಚ್ಚಿದ್ದು ಕಂಡಾಗಲೇ ನನ್ನ ಆಸೆ ಕರಗಿತು. ಕಾಯಿ, ಕಲ್ಲುಸಕ್ಕರೆ ಪ್ರಸಾದ ತೆಗೆದುಕೊಂಡು, ಹೋಗುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, "ಸ್ವಲ್ಪ ನೋಡ್ಕೊಳ್ರಿ" ಎಂದರು. ಯಾರನ್ನು ನೋಡಿಕೊಳ್ಳಬೇಕೆಂದು ಹೇಳಲಿಲ್ಲ.

ನಾನು ಬಿಡದೆ ಹತ್ತಿದ್ದಕ್ಕೆ ಸಾವಕಾರರು ಕಡೆಗೆ ಖಡಾಖಂಡಿತ ಹೇಳಿದರು: "ಬರೂ ಅಮಾಸಿಗೆ ದೊಡ್ಡ ಪೂಜಾ ಇಟ್ಟೇನಿ. ಅಲ್ಲೀತನಕ ಅದನ್ನ ಮುಟ್ಟಿದಿ ಅಂದ್ರ ನೀ ಅಗಡ್ಯಾಗ ಎಮ್ಮಿ ಕಾಯಿ."

ಅಮಾವಾಸ್ಯೆ ಬಂತು. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ, ಮಷೀನುಗಳಿಗೆ ಕಾಯಿ ಒಡೆಯುವುದು ರೂಢಿ. ಒಡೆಯುವುದಕ್ಕೆ ಕಲ್ಲು ಇರಬೇಕಷ್ಟೆ. ಕಲ್ಲು ಪಡಸಾಲೆಯ ಹೊರಗಿತ್ತು. ಸಾವಕಾರರಿಗೆ ದೇವರ ಸನಿಯಕ್ಕೇ ಒಡೆಯಬೇಕು. ವಾಲ್ವು ದಾಟಿದ ಮೇಲೆ ಕೊಳವೆಗೆ ಒಂದು ಜೋಡಣೆ, ನಟ್ಟು ಬೋಲ್ಟು ಹಾಕಿ ಬಿಗಿದದ್ದು. ಬರ್ಫಿನ ಮಗ್ಗುಲಲ್ಲೇ ತಿಂಗಳುಗಟ್ಟಲೆ ಒದ್ದೆಯಿದ್ದು ತುಕ್ಕು ತಿಂದದ್ದು. ಆ ಜೋಡಣೆಯ ಅಂಚು ಸಾವಕಾರರಿಗೆ ಕಾಯಿ ಒಡೆಯಲು ಬಹಳ ಹಿಡಿಸಿತು. ಸೋಮವಾರಗಳಂದೂ ಅಲ್ಲೇ ಒಡೆಯುತ್ತಿದ್ದರಂತೆ. ನನಗೆ ಗೊತ್ತಾದದ್ದು ಆಮೇಲೆ.

ಅಂದು ಜನ ಜಾತ್ರೆಯ ಹಾಗೆ ಕೂಡಿದ್ದರು. ಹೊರಗೆ ಒಲೆಯ ಮೇಲೆ ದೊಡ್ಡ ತಪೇಲಿಯಲ್ಲಿ ಎಲ್ಲರಿಗೂ ಚಹಾ ಕುದಿಯುತ್ತಿತ್ತು. ಫಕೀರವ್ವನದೇ ಉಸ್ತುವಾರಿ. ರೇಣುಕಾ ಕೂಸನ್ನು ಮೂಲೆಯ ಜೋಳಿಗೆಯಲ್ಲಿ ಮಲಗಿಸಿ, ಲೋಟ ಹಂಚಲು ಹೊರಗೆ ಬಂದಿದ್ದಳು. ನಾನು ಮಷೀನ್ ರೂಮಿನಲ್ಲಿದ್ದೆ. "ಹರಹರ" ಎಂದು ಕೂಗು ಕೇಳಿಸಿತು, ಕಾಯಿ ಒಡೆದ ಸದ್ದು ಕೇಳಿಸಿತು. ಅದರ ಬೆನ್ನಿಗೇ ಹಾವು ಬುಸುಗುಟ್ಟಿದ ಹಾಗೆ ಒಂದು ಸದ್ದು.

ಓಡಿಬಂದು ನೋಡಿದರೆ ಬರ್ಫಿನ ಸುತ್ತ ಬೆಳ್ಳನೆಯ ಹೊಗೆ ಏಳುತ್ತಿದೆ, ನೆಲಕ್ಕಿಳಿದು ಹರಡುತ್ತಿದೆ. ಜನ ಓಡುವುದು ಬಿಟ್ಟು ಸಾಷ್ಟಾಂಗ ಬಿದ್ದಿದ್ದಾರೆ!

"ದೇವ್ರು ಉಸರ ಬಿಟ್ಟ! ಉಸರ ಬಿಟ್ಟ!" ಸಾವಕಾರರು ಕೈಯೆತ್ತಿ ಕೂಗುತ್ತಿದ್ದರು.

ಕೆಲವರು ಆ ಉಸಿರನ್ನು ಆಳವಾಗಿ ಎಳೆದುಕೊಂಡರು. ಕಣ್ಣಿಂದ ಧಾರಾಕಾರ ನೀರು. ಒಬ್ಬ, "ಭಕ್ತೀಲೆ ಕಣ್ಣು ತುಂಬಿ ಬಂತಪಾ" ಎಂದ. ಇನ್ನೊಬ್ಬ ಕೆಮ್ಮುತ್ತ, "ಇವತ್ತ ಮೆಣಸಿನಕಾಯಿ ಘಾಟ ಭಾಳ ಐತಿ" ಎಂದ. ಊರೇ ಕೆಮ್ಮುವ ಊರಲ್ಲಿ ಒಬ್ಬ ಕೆಮ್ಮಿದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

"ಅಮೋನಿಯಾ! ಹೊರಗ ನಡೀರಿ! ಅರಿವಿ ಒದ್ದಿ ಮಾಡಿ ಮೂಗಿಗೆ ಹಿಡೀರಿ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಅಂದು ಹರಿದ ಗಂಟಲು ಈಗಲೂ ಹೀಗೇ ಇದೆ. ಎಲ್ಲರಿಗಿಂತ ಮೊದಲು ಓಡಿದವರು ಸಾವಕಾರರು. ದೇವರನ್ನು ಬಿಟ್ಟರು, ಶಲ್ಯ ಬಿಟ್ಟರು, ಕಾರು ನಿಲ್ಲಿಸುವ ಜಾಗದ ಆ ತುದಿಗೆ ಹೋಗಿ ನಿಂತರು. ಜಾಗ ವಿಶಾಲವಾಗಿತ್ತಲ್ಲ.

ಅಷ್ಟರಲ್ಲಿ ರೇಣುಕಾಳ ಚೀರು: "ಯವ್ವಾ, ನನ್ನ ಕೂಸು!"

ಮಲ್ಲು ಮೂಲೆಯಲ್ಲಿದ್ದ. ನಡುವೆ ಕೊಳವೆಯ ಜೋಡಣೆ, ಅದರಿಂದ ದಾರಿಗೆ ಅಡ್ಡಲಾಗಿ ಚಿಮ್ಮುವ ದ್ರವ. ಮೈಗೆ ತಾಗಿದರೆ ಚರ್ಮ ಹೆಪ್ಪುಗಟ್ಟಿ ಸುಲಿಯುತ್ತದೆ. ಹೊಗೆ ನೆಲ ಬಿಟ್ಟು ಜೋಳಿಗೆಯ ಎತ್ತರಕ್ಕೆ ಏರುತ್ತಿತ್ತು. ರೇಣುಕಾ ನುಗ್ಗಿದಳು, ಹಿಡಿದು ಹಿಂದಕ್ಕೆಳೆದೆ, ನನ್ನ ಕೈ ಕಚ್ಚಿದಳು. ವಾಲ್ವು ಮುಚ್ಚದೆ ದಾರಿಯಿಲ್ಲ. ಒದ್ದೆ ಚೀಲ ಮುಖಕ್ಕೆ ಸುತ್ತಿಕೊಂಡು ಬರ್ಫಿಗೆ ಕೈಹಾಕಿದೆ. ಕಲ್ಲು! ಸ್ಪ್ಯಾನರಿನಿಂದ ಬಡಿದರೆ ಚೂರು ಹಾರಿತು, ಚಕ್ರ ಸಿಗಲಿಲ್ಲ. ಒಳಗಿನಿಂದ ಕೂಸಿನ ಅಳು ಕೇಳುತ್ತಿತ್ತು. ಆಮೇಲೆ ಅಳು ಹೋಗಿ ಕೆಮ್ಮು.

"ಮಗ್ಗಲಿಗೆ ಸರಿ ಯಣ್ಣಾ!"

ತಿರುಗಿದರೆ ಫಕೀರವ್ವ. ಒದ್ದೆ ಸೆರಗು ಮೂಗಿಗೆ ಕಟ್ಟಿಕೊಂಡು, ಕುದಿಯುವ ಚಹಾದ ತಪೇಲಿಯನ್ನು ಗೋಣಿತಾಟಿನಲ್ಲಿ ಹಿಡಿದು ನಿಂತಿದ್ದಳು. ದೂರದಿಂದ ಸಾವಕಾರರ ದನಿ: "ಫಕೀರವ್ವಾ! ದೇವ್ರ ಮ್ಯಾಲೆ ಚಹಾ ಹಾಕ್ತೀಯೇನ? ಪಾಪ ಹತ್ತತೈತಿ!"

ಅವಳು ತಿರುಗಿ ನೋಡಲಿಲ್ಲ. ಬರ್ಫನ್ನು ನೋಡಿ ಹೇಳಿದಳು: "ನೀ ಹೋದ್ರ ಮತ್ತ ಬರ್ತೀ. ನನ್ನ ಮಲ್ಲು ಹೋದ್ರ ಬರಂಗಿಲ್ಲ. ತಪ್ಪು ತಿಳೀಬ್ಯಾಡಪಾ."

ಸುರಿದಳು. ತಣ್ಣನೆಯ ಕಬ್ಬಿಣಕ್ಕೆ ಕುದಿಯುವುದನ್ನು ಹಾಕಬಾರದು, ಉಗುರುಬೆಚ್ಚಗಿರಬೇಕು ಎಂಬುದು ಪಾಠ. ಪಾಠ ಹೇಳುವ ಹೊತ್ತಾಗಿರಲಿಲ್ಲ. ಬರ್ಫು ಚಟಚಟ ಸೀಳಿತು, ವಿಭೂತಿ, ಹೂವು, ಚಹಾಪುಡಿ ಎಲ್ಲ ಕೂಡಿ ಕೆಳಗಿಳಿಯಿತು, ಚಕ್ರದ ಅಂಚು ಕಂಡಿತು. ಸ್ಪ್ಯಾನರಿನಿಂದ ಎರಡು ಪೆಟ್ಟು ಕೊಟ್ಟು, ಚೀಲ ಸುತ್ತಿ ಹಿಡಿದು, ಇದ್ದಬದ್ದ ಶಕ್ತಿಯೆಲ್ಲ ಹಾಕಿದೆ. ಚಕ್ರ ಅಲ್ಲಾಡಲಿಲ್ಲ. ಫಕೀರವ್ವ ತಪೇಲಿ ಒಗೆದು ಬರಿಗೈಯಲ್ಲಿ ಇನ್ನೊಂದು ಬದಿ ಹಿಡಿದಳು. ಕಿರ್ರೆಂದು ತಿರುಗಿತು. ಬುಸುಗುಟ್ಟುವುದು ಸಣ್ಣಗಾಗಿ, ನಿಂತಿತು.

ರೇಣುಕಾ ಹೊಗೆಯೊಳಗೆ ಹೊಕ್ಕಿದ್ದೂ ಕಾಣಲಿಲ್ಲ, ಕೂಸಿನೊಂದಿಗೆ ಹೊರಗೆ ಬಂದದ್ದು ಮಾತ್ರ ಕಂಡಿತು. ಟ್ಯಾಂಕಿನ ನೀರಲ್ಲಿ ಮಲ್ಲುನ ಕಣ್ಣು, ಮುಖ ತೊಳೆದು ತೊಳೆದು ಹಾವೇರಿ ದವಾಖಾನೆಗೆ ಒಯ್ದರು. ಬದುಕಿದ, ಕಣ್ಣೂ ಉಳಿದವು. ಫಕೀರವ್ವನ ಬಲ ಅಂಗೈಯ ಚರ್ಮ ಚಕ್ರಕ್ಕೆ ಅಂಟಿ ಅಲ್ಲೇ ಉಳಿದಿತ್ತು. ತಂಪೂ ಸುಡುತ್ತದೆ ಕಣ್ರಪ್ಪಾ, ಬೆಂಕಿಯ ಹಾಗೇ.

ಇಷ್ಟಾದ ಮೇಲೆ ಸಾವಕಾರರು ಏನು ಮಾಡಿರಬಹುದು, ಹೇಳಿ ನೋಡೋಣ. ಅವಳಿಗೆ ಸೀರೆ ಉಡಿಸಿದರು ಅಂದುಕೊಂಡಿರಾ? ಕೆಲಸದಿಂದ ತೆಗೆದರು. "ದೇವ್ರಿಗೆ ಚಹಾ ಸುರದಾಕಿ. ಆಕೀ ಮೋತಿ ನಂಗ ತೋರಸಬ್ಯಾಡ್ರಿ" ಎಂದರು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗಾಯಿತು. ಕಾಯಿ ಒಡೆದವರು ಯಾರು, ಪಾಪ ಹತ್ತಿದ್ದು ಯಾರಿಗೆ! ಫಕೀರವ್ವ ಸೊಸೆ, ಮೊಮ್ಮಗನನ್ನು ಕರೆದುಕೊಂಡು ಕುಪ್ಪೇಲೂರಿನ ತನ್ನ ತಮ್ಮನ ಮನೆಗೆ ಹೋದಳು. ಸುಟ್ಟ ಕೈಯಲ್ಲೇ ಕಳೆ ತೆಗೆಯಲು ಹೋಗುತ್ತಾಳೆಂದು ಕೇಳಿ ನನಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ.

ವಾದ ಮಾಡಿ ಸೋತಿದ್ದೆ, ವಿಜ್ಞಾನ ಹೇಳಿ ಸೋತಿದ್ದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ದಾರಿ ಹುಡುಕಿದೆ. ಹೊಸ ಗ್ಯಾಸ್ಕೆಟ್ಟು, ಬೋಲ್ಟು ಹಾಕಿ ಲೈನು ಚಾಲೂ ಮಾಡಿದ ಮೇಲೆ, ಸಾವಕಾರರು ಬರುವ ಮುಂಚೆ ದಿನಾ ಬಿಸಿನೀರು ಹಾಕಿ ವಾಲ್ವಿನ ಬರ್ಫನ್ನು ಚೂರೂ ಉಳಿಯದಂತೆ ಕರಗಿಸತೊಡಗಿದೆ. ಸಾವಕಾರರು ಬಂದು ನೋಡುವರು: ಬರೀ ಕಬ್ಬಿಣ. ಮರುದಿನ ನೋಡುವರು: ಬರೀ ಕಬ್ಬಿಣ. ಸ್ವಾಮಿಗಳನ್ನು ಕರೆಸಿದರು, ಹೋಮ ಮಾಡಿಸಿದರು, ಬಾಗಿಲ ದಿಕ್ಕು ಬದಲಿಸಿದರು. ಕಬ್ಬಿಣ ಕಬ್ಬಿಣವಾಗಿಯೇ ಕೂತಿತ್ತು. ಕಡೆಗೊಂದು ದಿನ ಮೋರೆ ಸಣ್ಣದು ಮಾಡಿಕೊಂಡು ನನ್ನ ಹತ್ತಿರ ಬಂದರು.

"ಶಂಕ್ರಪ್ಪ, ಮಷೀನು ನಡದೈತಿ, ತಂಪು ಐತಿ. ದೇವ್ರು ಯಾಕ ಬರವಲ್ಲ?"

"ನನಗೇನ್ ಗೊತ್ತರೀ ಸಾವಕಾರ್ರ" ಎಂದೆ, ಗೇಜು ಒರೆಸುತ್ತ. "ಬರ್ಫು ವಾಲ್ವಿನ ಮ್ಯಾಲಿತ್ತು, ಆದ್ರ ದೇವ್ರನ್ನ ಕರಿಯಾಕಿ ಫಕೀರವ್ವ. ದಿನಾ ನೆಲಾ ಸಾರಿಸಿ ಹೂವು ಇಡಾಕಿ ಆಕೀನ. ಆಕೀನ್ನ ನೀವು ಹೊರಗ ಹಾಕಿದ್ರಿ. ಆಂವ ಆಕೀ ಬೆನ್ನ ಹತ್ತಿ ಹೋಗ್ಯಾನೋ ಏನೋ."

ನನ್ನ ಜೀವಮಾನದಲ್ಲಿ ಸಾವಕಾರರು ನಾನು ಹೇಳಿದ್ದನ್ನು ಮೊದಲ ಸಲಕ್ಕೇ ಒಪ್ಪಿದ್ದು ಇದೊಂದೇ. ಖರೇ ಹೇಳಿದಾಗ ನಂಬದವರು ಈಗ ಕಾರು ತೆಗೆಸಿ, ನನ್ನನ್ನೂ ಕೂರಿಸಿಕೊಂಡು ರಾಣೇಬೆನ್ನೂರಿನ ಮೇಲೆ ಹಾಯ್ದು ಕುಪ್ಪೇಲೂರಿಗೆ ಹೊರಟರು.

ಫಕೀರವ್ವ ಗೋವಿನಜೋಳದ ಹೊಲದಲ್ಲಿ ಎಡಗೈಯಲ್ಲಿ ಕುರ್ಪಿ ಹಿಡಿದು ಕೂತಿದ್ದಳು. ಸಾವಕಾರರನ್ನು ಕಂಡು ಎದ್ದಳು. ಬದುವಿನ ಮೇಲೆ ನಿಂತು ಅವರು ಎಲ್ಲ ಹೇಳಿದರು. ಅವಳು ಸಾವಧಾನ ಕೇಳಿ ನನ್ನ ಮುಖ ನೋಡಿದಳು. ನಾನು ಮೋಡ ಬಂದಿದೆಯೇನೋ ಎಂದು ಆಕಾಶ ನೋಡಿದೆ.

"ಬರ್ತೇನ್ರಿ" ಎಂದಳು ಫಕೀರವ್ವ. "ಆದ್ರ ದೇವ್ರು ಕೇಳಿದಂಗ ನಡೀಬೇಕ್ರಿ. ಪಡಸಾಲ್ಯಾಗ ಇನ್ನ ಮಂದಿ ಕೂಡೂದು ಬ್ಯಾಡ, ಆಂವಗ ಉಸರಾಡಾಕ ಜಾಗ ಬೇಕು. ನಮಗ ಹೊರಗ ಒಂದು ಶೆಡ್ಡು ಹಾಕ್ರಿ, ಫ್ಯಾನು ಹಚ್ರಿ, ಎರಡೂ ಕಡೆ ಬಾಗಲಾ ಇರ್ಲಿ. ಪೈಪಿನ ಹತ್ತರ ಯಾರೂ ಕಾಯಿ ಒಡೀಬಾರ್ದು. ಮತ್ತ ದಿನಾ ಮುಂಜಾನೆ ಆಂವಗ ಬಿಸಿನೀರಿನ ಸ್ನಾನ ಆಗಬೇಕು, ನಾನ ಹಾಕ್ತೇನಿ."

"ಆಗ್ಲವ್ವಾ, ಎಲ್ಲಾ ಆಗ್ಲಿ" ಎಂದರು ಸಾವಕಾರರು.

ಕೂಸಿಗೆ ಇರದ ಜಾಗ ದೇವರಿಗೆ ಸಿಕ್ಕಿತು. ಕಾರು ನಿಲ್ಲುವಲ್ಲಿ ಶೆಡ್ಡು ಎದ್ದಿತು. ಫಕೀರವ್ವನ ಗುಂಪು ಅಲ್ಲಿ ಕೂತಿತು. ಮಲ್ಲುನ ಜೋಳಿಗೆ ಬಾಗಿಲ ಸಮೀಪದ ತೊಲೆಗೆ ಬಂತು. ಸಾವಕಾರರ ಕಾರು ಬಿಸಿಲಲ್ಲಿ ನಿಂತು ಕಾಯತೊಡಗಿತು.

ಮೊದಲ ದಿನ ಬೆಳಿಗ್ಗೆ ಅವಳು ಎಡಗೈಯಲ್ಲಿ ತಂಬಿಗೆ ಹಿಡಿದು ವಾಲ್ವಿನ ಮೇಲೆ ನೀರು ಹಾಕಿದಳು. ನೀರು ಉಗುರುಬೆಚ್ಚಗಿದೆಯೋ ಎಂದು ನಾನು ಬೆರಳಿಟ್ಟು ನೋಡಿದ್ದೆ. ಹಿಂದಿನ ದಿನದ ತೆಳ್ಳನೆ ಬರ್ಫು ಕರಗಿ ಹರಿಯಿತು. ಸಾವಕಾರರು ಕೈಮುಗಿದು ಹಿಂದೆ ನಿಂತಿದ್ದರು. ಬಹಳ ಹೊತ್ತು ಕಾದು ಕೇಳಿದರು: "ಫಕೀರವ್ವಾ, ಮತ್ತ ಯಾವಾಗ ಬರ್ತಾನವ್ವಾ?"

ಅವಳು ಗಾಯ ಮಾಯದ ಅಂಗೈಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತ ಹೇಳಿದಳು: "ಬಂದಿದ್ನಲ್ರಿ, ಅಮಾಸಿ ದಿನ. ನೀವು ಓಡಿ ಹೋಗಿದ್ರಿ."

ಹೊರಗೆ ಶೆಡ್ಡಿನಲ್ಲಿ ಮಲ್ಲು ಎದ್ದು ಅಳತೊಡಗಿದ. ಒಳ್ಳೆಯ ಗಟ್ಟಿ ಅಳು, ಕೆಮ್ಮಿಲ್ಲದ್ದು. ನಾನು ಚಕ್ರಕ್ಕೆ ಕೈಹಾಕಿ ಒಂದು ಸುತ್ತು ತಿರುಗಿಸಿ ನೋಡಿದೆ. ಸಲೀಸಾಗಿ ತಿರುಗಿತು.